ಗಡ್ಡೆಗೆ ಮೊದಲು ಐಸ್, ಆಮೇಲೆ ರೇಡಿಯೇಷನ್: ಎರಡೂ ಸೇರಿದರೆ ಲಾಭ ಇದೆಯಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 64 ವರ್ಷ. ಎರಡು ವರ್ಷದ ಹಿಂದೆ ಕ್ಯಾನ್ಸರ್ ಅಂತ ಎಡಗಡೆ ಕಿಡ್ನಿ ತೆಗೆದರು. ಈಗ ಬಲಗಡೆ ಸೊಂಟದ ಮೂಳೆಯಲ್ಲಿ ಸುಮಾರು 4 ಸೆಂ.ಮೀ. ಗಡ್ಡೆ ಕಾಣಿಸಿದೆ, ಬೇರೆಲ್ಲೂ ಇಲ್ಲ. ನೋವು ಎಷ್ಟಿದೆ ಅಂದರೆ ಊಟಕ್ಕೆ ಕೂತರೂ ಒಂದು ಕಡೆ ವಾಲಿಕೊಂಡೇ ಕೂರುತ್ತಾರೆ. ಡಾಕ್ಟರು ರೇಡಿಯೇಷನ್ ಕೊಡೋಣ ಅಂದಿದ್ದಾರೆ. ಆದರೆ ಸೂಜಿ ಚುಚ್ಚಿ ಗಡ್ಡೆಯನ್ನು ಹೆಪ್ಪುಗಟ್ಟಿಸಿ, ಆಮೇಲೆ ರೇಡಿಯೇಷನ್ ಕೊಟ್ಟರೆ ಆರು ಪಟ್ಟು ಜಾಸ್ತಿ ಗುಣ ಅಂತ ಇಟಲಿಯ ಒಂದು ಅಧ್ಯಯನದ ಬಗ್ಗೆ ಓದಿದೆ. ನಿಜವಾ? ತಣ್ಣಗೆ ಮಾಡಿದರೆ ರೇಡಿಯೇಷನ್‌ಗೆ ಶಕ್ತಿ ಬರುತ್ತದಾ? ಎರಡನ್ನೂ ಒಂದೇ ದಿನ ಮಾಡಿಸಬಹುದಾ? ಅಲ್ಲಿಯವರೆಗೆ ಮನೆಯಲ್ಲಿ ಐಸ್ ಪ್ಯಾಕ್ ಇಡಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅದನ್ನು ನೀವು ಇವತ್ತು ರಾತ್ರಿಯೇ ಮಾಡಿಬಿಡಬಹುದು.

ರೇಡಿಯೇಷನ್ ಇನ್ನೂ ಶುರುವಾಗಿಲ್ಲ ಅಂದರೆ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ ಹತ್ತು ನಿಮಿಷ ಇಡಿ, ತೊಂದರೆ ಇಲ್ಲ. ಮೇಲಿನ ಚರ್ಮ ಸ್ವಲ್ಪ ಮರಗಟ್ಟಿ ಹಾಯೆನಿಸಬಹುದು. ಗಡ್ಡೆಗೆ ಮಾತ್ರ ಏನೂ ಆಗುವುದಿಲ್ಲ. ಆ ತಂಪು ಮೂಳೆಯವರೆಗೆ ಇಳಿಯುವುದೇ ಇಲ್ಲ, ಒಳಗೆ ಬಿಸಿ ರಕ್ತ ಹರಿಯುತ್ತಲೇ ಇರುತ್ತಲ್ಲ. ರೇಡಿಯೇಷನ್ ಶುರುವಾದ ದಿನದಿಂದ ಆ ಜಾಗಕ್ಕೆ ಐಸೂ ಬೇಡ, ಬಿಸಿನೀರಿನ ಬ್ಯಾಗೂ ಬೇಡ, ನೋವಿನ ಮುಲಾಮೂ ಬೇಡ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಗೆ ಬೆನ್ನಿಗೆ ರೇಡಿಯೇಷನ್ ನಡೆಯುತ್ತಿತ್ತು. ಉರಿ ಕಮ್ಮಿಯಾಗಲಿ ಅಂತ ಸೊಸೆ ಪ್ರೀತಿಯಿಂದ ರಾತ್ರಿಯಿಡೀ ಐಸ್ ಚೀಲ ಕಟ್ಟಿಟ್ಟಿದ್ದರು. ಮೂರನೇ ದಿನ ಬಂದಾಗ ಚರ್ಮ ಕಿತ್ತು ಹೋಗಿತ್ತು. ಸೊಸೆಯ ತಪ್ಪೇನಲ್ಲ, ಮೊದಲೇ ಹೇಳದೇ ಇದ್ದದ್ದು ನಾನು. ಅವತ್ತಿನಿಂದ ಮೊದಲ ದಿನವೇ, ಬೇರೆಲ್ಲ ಮಾತಿಗೂ ಮುಂಚೆ ಇದನ್ನು ಹೇಳುತ್ತೇನೆ.

ಈಗ ನೀವು ಓದಿದ ಚಿಕಿತ್ಸೆಗೆ ಬರೋಣ. ಅದರ ಹೆಸರು ಕ್ರಯೋಅಬ್ಲೇಷನ್. ಐಸ್ ಪ್ಯಾಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಸಿ.ಟಿ. ಸ್ಕ್ಯಾನ್ ಕೋಣೆಯಲ್ಲಿ ಇದನ್ನು ಮಾಡುತ್ತಾರೆ, ಮಾಡುವವರು ಇಂಟರ್‌ವೆನ್ಷನಲ್ ರೇಡಿಯಾಲಜಿಸ್ಟ್. ನಾನು ರೇಡಿಯೇಷನ್ ಡಾಕ್ಟರು, ಹಾಗಾಗಿ ಪಕ್ಕದಲ್ಲಿ ನಿಂತು ನೋಡಿದವನು ಅಷ್ಟೇ. ಸೂಜಿ ಸುಮಾರು 2 ಮಿಲಿಮೀಟರ್ ದಪ್ಪ, ಒಳಗೆ ಟೊಳ್ಳು. ಚುಚ್ಚುವ ಮುಂಚೆ ಅದನ್ನು ಒಂದು ಬಟ್ಟಲು ಸಲೈನ್ ನೀರಿನಲ್ಲಿ ಮುಳುಗಿಸಿ ಪರೀಕ್ಷೆ ಮಾಡುತ್ತಾರೆ. ಗ್ಯಾಸ್ ಬಿಟ್ಟ ಕೂಡಲೇ 'ಸ್ಸ್...' ಅಂತ ಸದ್ದು, ನೋಡುನೋಡುತ್ತಿದ್ದಂತೆ ತುದಿಯ ಸುತ್ತ ಬಿಳಿ ಉಂಡೆ ಬೆಳೆಯುತ್ತದೆ, ಥೇಟ್ ಕಡ್ಡಿಗೆ ಹಿಡಿದ ಐಸ್ ಕ್ಯಾಂಡಿ. ಆ ಗ್ಯಾಸ್ ಆರ್ಗಾನ್. ಭಾರೀ ಒತ್ತಡದಲ್ಲಿರುವ ಆರ್ಗಾನ್ ಸಣ್ಣ ತೂತಿನಿಂದ ಹೊರಗೆ ನುಗ್ಗಿ ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತದೆ, ಸೂಜಿಯ ತುದಿ ಮೈನಸ್ 140 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಕರಗಿಸುವುದಕ್ಕೆ ಹೀಲಿಯಂ ಬಿಡುತ್ತಾರೆ, ಅದು ಹಿಗ್ಗಿದಾಗ ಉಲ್ಟಾ, ಬಿಸಿಯಾಗುತ್ತದೆ. ಈಗಿನ ಕೆಲವು ಸೂಜಿಗಳಲ್ಲಿ ಹೀಲಿಯಂ ಬದಲು ಕರೆಂಟಿನಿಂದಲೇ ಕಾಯಿಸುತ್ತಾರೆ. ಸುಮಾರು 10 ನಿಮಿಷ ಹೆಪ್ಪುಗಟ್ಟಿಸಿ, ಕರಗಲು ಬಿಟ್ಟು, ಇನ್ನೊಮ್ಮೆ ಹೆಪ್ಪುಗಟ್ಟಿಸುವುದು ವಾಡಿಕೆ. ಅಷ್ಟು ಹೊತ್ತೂ ಚರ್ಮ ಹೆಪ್ಪುಗಟ್ಟದ ಹಾಗೆ ಸೂಜಿಯ ಬುಡದ ಸುತ್ತ ಬೆಚ್ಚಗಿನ ಸಲೈನ್ ತುಂಬಿದ ಕೈಗವಸುಗಳನ್ನು ಇಟ್ಟಿರುತ್ತಾರೆ. ಇಷ್ಟು ದೊಡ್ಡ ಯಂತ್ರದ ಪಕ್ಕ ನೀರು ತುಂಬಿ ಉಬ್ಬಿದ ಕೈಗವಸು! ನನಗೆ ಇವತ್ತಿಗೂ ನಗು ಬರುತ್ತದೆ.

ಇದು ಹೊಸ ವಿದ್ಯೆಯೂ ಅಲ್ಲ. 1850ರ ಆಸುಪಾಸಿನಲ್ಲೇ ಇಂಗ್ಲೆಂಡಿನ ಜೇಮ್ಸ್ ಆರ್ನಾಟ್ ಎಂಬ ವೈದ್ಯ ಪುಡಿ ಮಾಡಿದ ಐಸಿಗೆ ಉಪ್ಪು ಬೆರೆಸಿ, ಸ್ತನದ ಮತ್ತು ಗರ್ಭಕೋಶದ ಬಾಯಿಯ ಕ್ಯಾನ್ಸರ್ ಹುಣ್ಣಿಗೆ ಇಡುತ್ತಿದ್ದ. ನಮ್ಮ ಕುಲ್ಫಿಯವರು ಮಡಕೆಯಲ್ಲಿ ಐಸಿಗೆ ಉಪ್ಪು ಹಾಕುತ್ತಾರಲ್ಲ, ಅದೇ ಲೆಕ್ಕ. ಮೈನಸ್ 20 ಡಿಗ್ರಿ ಹತ್ತಿರ ಇಳಿಯುತ್ತಿತ್ತು. ನೋವು ಕಮ್ಮಿಯಾಗುತ್ತಿತ್ತು, ರಕ್ತ ಒಸರುವುದು ನಿಲ್ಲುತ್ತಿತ್ತು. ಕ್ಯಾನ್ಸರಿನ ಮೇಲೆ ಎಕ್ಸ್‌ರೇ ಪ್ರಯೋಗ ಮಾಡುವುದಕ್ಕೂ ಸುಮಾರು ಅರ್ಧ ಶತಮಾನ ಮುಂಚಿನ ಮಾತು ಇದು.

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ಓದಿ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇಲ್ಲಿ.

ಚಳಿ ಜೀವಕೋಶವನ್ನು ಹೇಗೆ ಕೊಲ್ಲುತ್ತದೆ? ಮೊದಲು ಕೋಶದ ಹೊರಗಿನ ನೀರು ಐಸ್ ಆಗುತ್ತದೆ. ಆಗ ಹೊರಗೆ ಉಪ್ಪಿನಂಶ ಜಾಸ್ತಿಯಾಗಿ, ಒಳಗಿನ ನೀರನ್ನು ಎಳೆದುಕೊಂಡು ಕೋಶ ಉಪ್ಪಿನಕಾಯಿಗೆ ಹಾಕಿದ ಮಾವಿನ ಮಿಡಿಯ ಹಾಗೆ ಸುಕ್ಕಾಗುತ್ತದೆ. ಸೂಜಿಯ ಹತ್ತಿರ ಎಷ್ಟು ಬೇಗ ತಣ್ಣಗಾಗುತ್ತದೆ ಅಂದರೆ ಕೋಶದ ಒಳಗೇ ಐಸಿನ ಹರಳು ಕಟ್ಟಿ ಪೊರೆ ಹರಿಯುತ್ತದೆ. ಆಮೇಲೆ ಕರಗುವಾಗ ಇನ್ನೊಂದು ಏಟು. ಸಣ್ಣ ರಕ್ತನಾಳಗಳ ಒಳಗೋಡೆ ಹಾಳಾಗಿ, ರಕ್ತ ಹೆಪ್ಪುಗಟ್ಟಿ, ಉಳಿದ ಕೋಶಗಳು ಅನ್ನನೀರಿಲ್ಲದೆ ಸಾಯುತ್ತವೆ. ಇದೆಲ್ಲ ಖಚಿತವಾಗಿ ಆಗಬೇಕಾದರೆ ಮೈನಸ್ 20ರಿಂದ ಮೈನಸ್ 40 ಡಿಗ್ರಿಯಾದರೂ ಬೇಕು.

ಸಮಸ್ಯೆ ಇರುವುದು ಅಂಚಿನಲ್ಲಿ. ಸ್ಕ್ಯಾನ್‌ನಲ್ಲಿ ಐಸ್ ಉಂಡೆ ಕಪ್ಪಗೆ, ಚೊಕ್ಕವಾಗಿ ಕಾಣುತ್ತದೆ. ಆ ಅಂಚು ಬರೀ ಸೊನ್ನೆ ಡಿಗ್ರಿ. ಸೊನ್ನೆ ಡಿಗ್ರಿಯಲ್ಲಿ ಕ್ಯಾನ್ಸರ್ ಕೋಶ ಸಾಯುವುದಿಲ್ಲ, ನಡುಗಿ ಮತ್ತೆ ಎದ್ದು ಕೂರುತ್ತದೆ. ಅದಕ್ಕೇ ಐಸ್ ಉಂಡೆಯನ್ನು ಗಡ್ಡೆಯಿಂದ 5-10 ಮಿಲಿಮೀಟರ್ ಆಚೆಗೂ ಬೆಳೆಸುತ್ತಾರೆ. ಆದರೆ ಪಕ್ಕದಲ್ಲೇ ದೊಡ್ಡ ನರ ಇದ್ದರೆ? ಕರುಳು ಇದ್ದರೆ? ಹಾಗೆ ಬೆಳೆಸಲು ಆಗುವುದಿಲ್ಲ. ದೊಡ್ಡ ರಕ್ತನಾಳ ಇದ್ದರಂತೂ ಅದರ 37 ಡಿಗ್ರಿ ರಕ್ತ ಪಕ್ಕದ ಒಲೆಯ ಹಾಗೆ ಅಂಚನ್ನು ಕಾಯಿಸುತ್ತಲೇ ಇರುತ್ತದೆ.

ರೇಡಿಯೇಷನ್ ಕಥೆ ಇದರ ಉಲ್ಟಾ. ನಮ್ಮಲ್ಲಿ ಜನ 'ಕರೆಂಟ್ ಕೊಡ್ತಾರೆ' ಅನ್ನುತ್ತಾರೆ, ಅದು ಕರೆಂಟೂ ಅಲ್ಲ, ಸುಡುವುದೂ ಇಲ್ಲ. ಕಿರಣಗಳು ಕೋಶದೊಳಗಿನ ನೀರನ್ನು ಒಡೆದು, ಕ್ಷಣಮಾತ್ರ ಬದುಕುವ ರಾಡಿಕಲ್ ಎಂಬ ತುಂಟ ಕಣಗಳನ್ನು ಹುಟ್ಟಿಸುತ್ತವೆ. ಅವು ಓಡಿಹೋಗಿ ಡಿ.ಎನ್.ಎ. ಎಳೆಯನ್ನು ಕಡಿಯುತ್ತವೆ. ಆ ಕಡಿತ ಕೂಡಿಕೊಳ್ಳದ ಹಾಗೆ ಸೀಲು ಹಾಕುವುದು ಆಮ್ಲಜನಕ. ಆಮ್ಲಜನಕ ಇಲ್ಲದ ಕೋಶವನ್ನು ಕೊಲ್ಲಲು ಸುಮಾರು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ದೊಡ್ಡ ಗಡ್ಡೆಯ ನಡುವೆ ರಕ್ತ ಸರಿಯಾಗಿ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಆಮ್ಲಜನಕವೂ ಕಮ್ಮಿ. ರೇಡಿಯೇಷನ್ ಸೋಲುವುದು ಅಲ್ಲೇ. ಅಂಚಿನಲ್ಲಿ ಮಾತ್ರ ರಕ್ತ ಚೆನ್ನಾಗಿ ಹರಿಯುತ್ತಿರುತ್ತದೆ, ಅಲ್ಲಿ ಅದರ ಕೆಲಸ ಸಲೀಸು.

ಅಂದರೆ ಐಸ್ ಗೆಲ್ಲುವುದು ನಡುವೆ, ಸೋಲುವುದು ಅಂಚಿನಲ್ಲಿ. ರೇಡಿಯೇಷನ್ ಗೆಲ್ಲುವುದು ಅಂಚಿನಲ್ಲಿ, ಸೋಲುವುದು ನಡುವೆ. ಎರಡನ್ನೂ ಸೇರಿಸಬೇಕು ಅನ್ನುವ ಯೋಚನೆ ಬಂದದ್ದೇ ಇಲ್ಲಿಂದ.

ಗಮನಿಸಿ, ತಣ್ಣಗೆ ಮಾಡಿದರೆ ರೇಡಿಯೇಷನ್‌ಗೆ ಶಕ್ತಿ ಬರುತ್ತದೆ ಅಂತ ನಾನು ಹೇಳಲೇ ಇಲ್ಲ. ಬರುವುದಿಲ್ಲ. ನಿಜ ಹೇಳಬೇಕೆಂದರೆ ಹೆಪ್ಪುಗಟ್ಟಿರುವಾಗಲೇ ಕಿರಣ ಬಿಟ್ಟರೆ ಅದರ ಕೆಲಸ ಕೆಡುತ್ತದೆ, ಯಾಕಂದರೆ ಐಸಿನೊಳಗೆ ಆ ರಾಡಿಕಲ್‌ಗಳು ಓಡಾಡಲಾರವು, ಹುಟ್ಟಿದ ಕಡೆಯೇ ಕಾಲು ಕಟ್ಟಿದ ಹಾಗೆ ನಿಂತುಬಿಡುತ್ತವೆ. ಮಾಂಸವನ್ನು ಕಿರಣದಿಂದ ಶುದ್ಧ ಮಾಡುವವರು ರುಚಿ ಕೆಡದಿರಲಿ ಅಂತ ಅದನ್ನು ಹೆಪ್ಪುಗಟ್ಟಿಸಿಯೇ ಕಿರಣ ಹಾಯಿಸುವುದು ಇದೇ ಕಾರಣಕ್ಕೆ. ಪ್ರೋಟೀನ್ ಹರಳುಗಳನ್ನು ಎಕ್ಸ್‌ರೇಯಲ್ಲಿ ನೋಡುವ ವಿಜ್ಞಾನಿಗಳೂ ಹರಳು ಬೇಗ ಹಾಳಾಗದಿರಲಿ ಅಂತ ಮೈನಸ್ 173 ಡಿಗ್ರಿ ಚಳಿಯಲ್ಲಿ ಇಡುತ್ತಾರೆ. ಚಳಿ ಅಲ್ಲಿ ಕೊಡೆ ಹಿಡಿಯುತ್ತದೆ. ಗಡ್ಡೆಗೆ ಕೊಡೆ ಹಿಡಿದರೆ ನಮಗೇನು ಬಂತು? ನಿಜವಾಗಿ ರೇಡಿಯೇಷನ್‌ಗೆ ಬಲ ಕೊಡುವುದು ಬಿಸಿ. 2000ದಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ, ಮುಂದುವರಿದ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ರೇಡಿಯೇಷನ್ ಜೊತೆ ಹೊಟ್ಟೆಯ ಕೆಳಭಾಗವನ್ನೂ ಕಾಯಿಸಿದಾಗ ಮೂರು ವರ್ಷ ಬದುಕಿದವರು 27% ಇದ್ದದ್ದು 51% ಆಯಿತು. ಅದು ಬೇರೆಯದೇ ದಾರಿ, ಇಲ್ಲಿಗೆ ಬಿಡೋಣ.

ಹಾಗಾಗಿ ಒಂದೇ ದಿನ ಎರಡೂ ಬೇಡ. ಐಸ್ ಮೊದಲು, ಊತ ಇಳಿದು, ಸೂಜಿ ಗಾಯ ಮಾಗಿ, ಒಂದೆರಡು ವಾರ ಬಿಟ್ಟು ರೇಡಿಯೇಷನ್. ಐಸ್ ಆದ ಮೊದಲ ದಿನಗಳಲ್ಲಿ ಸಣ್ಣ ಜ್ವರ, ಮೈಕೈ ನೋವು ಬರುವುದುಂಟು, ಸತ್ತ ಕೋಶಗಳನ್ನು ಮೈ ತೊಳೆದು ಹಾಕುವಾಗಿನ ಗಲಾಟೆ ಅದು. ಜ್ವರ ಏರುತ್ತಲೇ ಹೋದರೆ ಮಾತ್ರ ಸೋಂಕು ಅಂತ ಅನುಮಾನ ಪಡಬೇಕು.

ಈಗ ನಿಮ್ಮ 'ಆರು ಪಟ್ಟು'. ನೀವು ಓದಿದ್ದು 2015ರ ಇಟಲಿ ಅಧ್ಯಯನವೇ ಇರಬೇಕು. ನೋವು ಕೊಡುತ್ತಿರುವ ಒಂದೇ ಮೂಳೆ ಗಡ್ಡೆ ಇದ್ದ 175 ಜನ. 125 ಜನರಿಗೆ ರೇಡಿಯೇಷನ್ ಮಾತ್ರ, 25 ಜನರಿಗೆ ಐಸ್ ಮಾತ್ರ, 25 ಜನರಿಗೆ ಎರಡೂ. ನೋವು ಪೂರ್ತಿ ಹೋದವರು ರೇಡಿಯೇಷನ್ ಗುಂಪಿನಲ್ಲಿ 11.2%, ಐಸ್ ಗುಂಪಿನಲ್ಲಿ 32%, ಎರಡೂ ಆದವರಲ್ಲಿ 72%. ಶೇಕಡಾ ಲೆಕ್ಕ ನೋಡಿದರೆ ಕಣ್ಣು ಅರಳುತ್ತದೆ. ತಲೆ ಎಣಿಸಿ ನೋಡಿ: 125ರಲ್ಲಿ 14, 25ರಲ್ಲಿ 8, 25ರಲ್ಲಿ 18. ಹದಿನೆಂಟು ಜನರ ಮೇಲೆ ನಿಂತಿರುವ ಮಾತು ಇದು. ಅದೂ ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ. ಯಾರಿಗೆ ಏನು ಸಿಕ್ಕಿತೋ ಸಿಕ್ಕಿತು, ಆಮೇಲೆ ವಯಸ್ಸು, ಕಾಯಿಲೆ ಎಲ್ಲ ಹೊಂದಿಸಿ ಲೆಕ್ಕ ಹಾಕಿದ್ದು. ಎರಡೂ ಚಿಕಿತ್ಸೆ ತಡೆದುಕೊಳ್ಳುವವರು ಮೊದಲೇ ಸ್ವಲ್ಪ ಗಟ್ಟಿಮುಟ್ಟಾಗಿದ್ದಿರಬಹುದು, ಅಲ್ವಾ?

ನನಗೆ ಇನ್ನೊಂದು ತಕರಾರು ಇದೆ. ಅಲ್ಲಿ ಕೊಟ್ಟ ರೇಡಿಯೇಷನ್ ಐದು ದಿನದಲ್ಲಿ 20 ಗ್ರೇ, ಅಂದರೆ ಹಳೇ ಪದ್ಧತಿಯ ಸಾಧಾರಣ ಡೋಸ್. (ಗ್ರೇ ಅನ್ನುವುದು ಡೋಸಿನ ಅಳತೆ, ಹಾಲಿಗೆ ಲೀಟರ್ ಇದ್ದ ಹಾಗೆ.) 2021ರಲ್ಲಿ ಕೆನಡಾ ಮತ್ತು ಆಸ್ಟ್ರೇಲಿಯಾದವರು ಬೆನ್ನುಮೂಳೆಯ ಗಡ್ಡೆಗೆ ಇದೇ ಡೋಸನ್ನು, ಎರಡೇ ಸಲ ಗುರಿಯಿಟ್ಟು ಹೊಡೆಯುವ 24 ಗ್ರೇ ಜೊತೆ ಹೋಲಿಸಿದರು, ಈ ಸಲ ಚೀಟಿ ಎತ್ತಿಯೇ. ಮೂರು ತಿಂಗಳಲ್ಲಿ ನೋವು ಪೂರ್ತಿ ಹೋದವರು ಹಳೇ ಪದ್ಧತಿಯಲ್ಲಿ 14%, ಹೊಸದರಲ್ಲಿ 35%. ಆ ಹೊಸ ಪದ್ಧತಿಯ ಹೆಸರು ಎಸ್.ಬಿ.ಆರ್.ಟಿ. ಬೆನ್ನುಮೂಳೆಯ ಲೆಕ್ಕವನ್ನು ಸೊಂಟಕ್ಕೆ ಹಾಗೇ ಅಂಟಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಆದರೂ ಇಟಲಿಯಲ್ಲಿ ಐಸ್ ಜೊತೆ ಓಡಿಸಿದ ಕುದುರೆ ಅಷ್ಟೇನೂ ಜೋರಿನದಲ್ಲ. ಒಳ್ಳೇ ಎಸ್.ಬಿ.ಆರ್.ಟಿ. ಜೊತೆ ಹೋಲಿಸಿದ್ದರೆ ಅಂತರ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಹಾಗಂತ ಸುಮ್ನೆ ತಳ್ಳಿಹಾಕುವುದೂ ಬೇಡ. ನೋವಿನ ವಿಷಯದಲ್ಲಿ ರೇಡಿಯೇಷನ್‌ಗೆ ಒಂದು ಕೆಟ್ಟ ಗುಣ ಇದೆ: ನಿಧಾನ. ಒಂದೇ ಸಲ 8 ಗ್ರೇ ಕೊಟ್ಟು ಮನೆಗೆ ಕಳಿಸಿದರೂ ನೂರಕ್ಕೆ ಅರವತ್ತು ಜನರಿಗೆ ನೋವು ಕಮ್ಮಿಯಾಗುತ್ತದೆ, ಅದು ದೊಡ್ಡ ಮಾತೇ. ನೆದರ್ಲೆಂಡ್ಸಿನಲ್ಲಿ 1171 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಆರು ಸಲ ಕೊಟ್ಟದ್ದಕ್ಕೂ ಒಂದೇ ಸಲ ಕೊಟ್ಟದ್ದಕ್ಕೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಒಂದೇ ಸಲದವರಿಗೆ ಮುಂದೆ ಮತ್ತೊಮ್ಮೆ ಕೊಡಬೇಕಾಗಿ ಬಂದದ್ದು ಜಾಸ್ತಿ, ಅಷ್ಟೇ. ಆದರೆ ನೋವು ಇಳಿದದ್ದು ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ಎರಡು ಮೂರು ದಿನ ಕೆಲವರಿಗೆ ನೋವು ಏರಿಯೇ ಬಿಡುತ್ತದೆ, 'ಕರೆಂಟ್ ಕೊಟ್ಟು ಕೆಡಿಸಿದರು' ಅಂತ ಫೋನ್ ಬರುವುದು ಆಗಲೇ.

ಐಸ್ ಇಲ್ಲಿ ಸ್ವಲ್ಪ ಚುರುಕು. ಗಡ್ಡೆ ಮೂಳೆಯ ಮೇಲ್ಪೊರೆಯನ್ನು ಹಿಗ್ಗಿಸುವ ಜಾಗದಲ್ಲೇ ನೋವಿನ ನರದ ತುದಿಗಳಿರುತ್ತವೆ, ಚಳಿ ಅವನ್ನೇ ಮಲಗಿಸುತ್ತದೆ. ಅಮೆರಿಕದಲ್ಲಿ 61 ಜನರಿಗೆ ಬರೀ ಕ್ರಯೋ ಮಾಡಿದ ಅಧ್ಯಯನ 2013ರಲ್ಲಿ ಬಂತು. ಹತ್ತಕ್ಕೆ 7.1 ಇದ್ದ ನೋವು ಒಂದು ವಾರಕ್ಕೆ 5.1, ಎಂಟು ವಾರಕ್ಕೆ 3.6, ಇಪ್ಪತ್ನಾಲ್ಕು ವಾರಕ್ಕೆ 1.4. ಕೊನೆಯ ಅಂಕಿಯನ್ನು ಪೂರ್ತಿ ನಂಬಿಬಿಡಬೇಡಿ, ಅಷ್ಟು ದಿನ ಬದುಕಿ ಉತ್ತರ ಕೊಟ್ಟವರ ಲೆಕ್ಕ ಅದು. ಮೊದಲ ವಾರದ್ದು ಮಾತ್ರ ನನಗೂ ಹಿಡಿಸುತ್ತದೆ.

ನಿಮ್ಮ ತಂದೆಯವರ ವಿಷಯಕ್ಕೆ ಬರುತ್ತೇನೆ. ಕಿಡ್ನಿ ಕ್ಯಾನ್ಸರ್ ರೇಡಿಯೇಷನ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಸಣ್ಣ ಸಣ್ಣ ಡೋಸಿಗೆ ಮೊಂಡು ಹಿಡಿಯುತ್ತದೆ, ದೊಡ್ಡ ಡೋಸಿಗೆ ಕೇಳುತ್ತದೆ. ಇದೇ ಮೈಲೋಮಾ ಅಥವಾ ಲಿಂಫೋಮಾ (ಎರಡೂ ರಕ್ತಕಣಗಳಿಂದ ಹುಟ್ಟುವ ಕ್ಯಾನ್ಸರ್) ಆಗಿದ್ದರೆ 'ಐಸ್ ಮರೆತುಬಿಡಿ, ರೇಡಿಯೇಷನ್ ಸಾಕು' ಅನ್ನುತ್ತಿದ್ದೆ. ಪ್ರಾಸ್ಟೇಟ್, ಸ್ತನ ಕ್ಯಾನ್ಸರ್ ಆಗಿದ್ದರೂ ಮೊದಲು ರೇಡಿಯೇಷನ್ ನೋಡೋಣ ಅನ್ನುತ್ತಿದ್ದೆ. ಕಿಡ್ನಿಯಿಂದ ಬಂದ, ಒಂದೇ ಒಂದು, 4 ಸೆಂ.ಮೀ. ಗಡ್ಡೆ, ಬೇರೆಲ್ಲೂ ಇಲ್ಲ, ಕೂರಲಾಗದಷ್ಟು ನೋವು: ಎರಡನ್ನೂ ಸೇರಿಸುವ ಮಾತು ಆಡಲು ಅರ್ಥ ಇರುವುದು ಇಂಥ ಕೇಸಿನಲ್ಲೇ. ಆದರೆ ನಾನಾಗಿದ್ದರೆ ಮೊದಲು ಕೇಳುವುದು ಎಸ್.ಬಿ.ಆರ್.ಟಿ. ಒಂದೇ ಸಾಕಾಗುತ್ತದಾ ಅಂತ. ಸಾಕು ಅಂತ ನಿಮ್ಮ ರೇಡಿಯೇಷನ್ ಡಾಕ್ಟರು ಹೇಳಿದರೆ ಸೂಜಿಯ ತಂಟೆಗೆ ಹೋಗಬೇಡಿ. ಮೊದಲೇ ಆ ಜಾಗಕ್ಕೆ ರೇಡಿಯೇಷನ್ ಆಗಿದ್ದರೆ, ಅಥವಾ ಎರಡು ವಾರ ಕಾಯಲಾಗದಷ್ಟು ನೋವಿದ್ದರೆ, ಐಸಿಗೆ ಜಾಗ ಇದೆ.

ಇನ್ನು ಆ ಗಡ್ಡೆ ಸೊಂಟದ ಮೂಳೆಯಲ್ಲಿ ಎಲ್ಲಿದೆ ಅನ್ನುವುದು ಮುಖ್ಯ. ಮೇಲಿನ ಅಗಲ ರೆಕ್ಕೆಯಲ್ಲಿದ್ದರೆ ಸೂಜಿಗೆ ದಾರಿ ಸಲೀಸು. ತೊಡೆಮೂಳೆ ಕೂರುವ ಬಟ್ಟಲಿನ ಹತ್ತಿರ ಇದ್ದರೆ ಬೇರೆ ಲೆಕ್ಕ, ಅದು ಮೈಭಾರ ಹೊರುವ ಜಾಗ. ಐಸ್ ಗಡ್ಡೆಯನ್ನು ಕೊಲ್ಲುತ್ತದೆ, ಮೂಳೆಯನ್ನು ಗಟ್ಟಿ ಮಾಡುವುದಿಲ್ಲ. ರೇಡಿಯೇಷನ್ ಕೂಡ ಮೊದಲ ಕೆಲವು ತಿಂಗಳು ಮೂಳೆಯನ್ನು ಇನ್ನಷ್ಟು ಸಡಿಲ ಮಾಡಬಹುದು. ಎರಡೂ ಒಟ್ಟಾದರೆ ಮುರಿಯುವ ಭಯ. ಅಂಥ ಕಡೆ ಸೂಜಿ ಹಾಕಿದ ದಾರಿಯಲ್ಲೇ ಮೂಳೆ ಸಿಮೆಂಟ್ ತುಂಬುತ್ತಾರೆ, ಇಲ್ಲವೇ ಮೂಳೆ ಡಾಕ್ಟರು ಪ್ಲೇಟೋ ರಾಡೋ ಹಾಕಿದ ಮೇಲೆ ಮುಂದಿನ ಮಾತು. ಹಿಂಬದಿಗೆ, ಕಾಲಿಗೆ ಇಳಿಯುವ ದಪ್ಪ ಸಯಾಟಿಕ್ ನರ ಹತ್ತಿರ ಇದ್ದರೆ ಐಸ್ ಅದಕ್ಕೂ ತಗುಲಬಹುದು. ಪಾದ ಎತ್ತಲಾಗದೆ ಚಪ್ಪಲಿ ಜಾರುವ ಸ್ಥಿತಿ ಬಂದವರನ್ನು ನೋಡಿದ್ದೇನೆ. ಬಹಳ ಜನರಿಗೆ ತಿಂಗಳುಗಳಲ್ಲಿ ವಾಪಸ್ ಬರುತ್ತದೆ, ಎಲ್ಲರಿಗೂ ಅಲ್ಲ. ಕಿಡ್ನಿ ಗಡ್ಡೆಗಳಲ್ಲಿ ರಕ್ತ ಬೇರೆ ಜಾಸ್ತಿ, ಹಾಗಾಗಿ ಕೆಲವರಿಗೆ ಮೊದಲು ಅದರ ರಕ್ತನಾಳ ಮುಚ್ಚಿ ಆಮೇಲೆ ಸೂಜಿ ಹಾಕುತ್ತಾರೆ.

ನಮ್ಮ ರಾಜ್ಯದ ಲೆಕ್ಕಾಚಾರ ಬೇರೆ ಇದೆ. ರೇಡಿಯೇಷನ್ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬರುತ್ತದೆ, ಬೆಂಗಳೂರಿನ ಕಿದ್ವಾಯಿಯಂಥ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ. ಕ್ರಯೋ ಸೂಜಿ ಒಮ್ಮೆ ಬಳಸಿ ಎಸೆಯುವಂಥದ್ದು, ದುಬಾರಿ. 4 ಸೆಂ.ಮೀ. ಗಡ್ಡೆಗೆ ಒಂದರಲ್ಲಿ ಮುಗಿಯುವುದಿಲ್ಲ, ಎರಡೋ ಮೂರೋ ಬೇಕು. ಒಪ್ಪುವ ಮುಂಚೆ 'ಎಷ್ಟು ಸೂಜಿ ಹಾಕುತ್ತೀರಿ, ಸೂಜಿಯ ಬೆಲೆ ಈ ಮೊತ್ತದಲ್ಲಿ ಸೇರಿದೆಯಾ' ಅಂತ ನೇರವಾಗಿ ಕೇಳಿ, ಸಂಕೋಚ ಬೇಡ. ಹಾಗೆಯೇ ಹೆಂಗಸರ ವಿಭಾಗದಲ್ಲಿ ಗರ್ಭಕೋಶದ ಬಾಯಿಗೆ ಮಾಡುವ 'ಕ್ರಯೋ' ಇದಲ್ಲ. ಅದು ಕ್ಯಾನ್ಸರ್ ಆಗುವ ಮುಂಚಿನ ಹಂತಕ್ಕೆ, ಕೆಲವೇ ನಿಮಿಷದ ಕೆಲಸ. ಅಲ್ಲಿ ವಿಚಾರಿಸಿ 'ಇಲ್ಲೇ ಅಗ್ಗಕ್ಕೆ ಸಿಗುತ್ತಂತೆ' ಅಂತ ಫೈಲ್ ಹಿಡಿದು ಬಂದವರಿದ್ದಾರೆ.

ಸತ್ತ ಗಡ್ಡೆಯ ಚೂರುಗಳನ್ನು ನೋಡಿ ಮೈಯ ರೋಗನಿರೋಧಕ ಶಕ್ತಿ ಎಚ್ಚೆತ್ತು, ಬೇರೆ ಕಡೆಯ ಗಡ್ಡೆಯನ್ನೂ ಹುಡುಕಿ ಕೊಲ್ಲುತ್ತದೆ ಎಂಬ ಮಾತನ್ನೂ ನೀವು ಓದಿರಬಹುದು. ಐಸಿನಿಂದಲೂ ರೇಡಿಯೇಷನ್‌ನಿಂದಲೂ ಹೀಗೆ ಆದ ಅಪರೂಪದ ಕೇಸುಗಳು ದಾಖಲಾಗಿವೆ. ಲಾಟರಿ ಹೊಡೆಯುವುದೂ ದಾಖಲಾಗುತ್ತದೆ. ಅದನ್ನು ನಂಬಿ ದುಡ್ಡು ಸುರಿಯಬೇಡಿ, ಕಿಡ್ನಿ ಕ್ಯಾನ್ಸರಿಗೆ ಡಾಕ್ಟರು ಕೊಟ್ಟಿರುವ ಮಾತ್ರೆ, ಇಂಜೆಕ್ಷನ್ ಇದ್ದರೆ ಅವರನ್ನು ಕೇಳದೆ ನಿಲ್ಲಿಸಬೇಡಿ.

ಕಾಲಿನಲ್ಲಿ ಬಲ ಕಮ್ಮಿಯಾದರೆ, ಎರಡೂ ಕಾಲು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಈ ಚರ್ಚೆಯೆಲ್ಲ ಪಕ್ಕಕ್ಕಿಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಬೆನ್ನುಹುರಿ ಒತ್ತಿಹೋಗಿದ್ದರೆ ಗಂಟೆಗಳ ಲೆಕ್ಕ ಅದು.

ಕೊನೆಗೂ ಐಸ್ ಮಾಡಿಸುವುದೇ ಆದರೆ, ಅದಕ್ಕೂ ಮುಂಚಿನ ಸ್ಕ್ಯಾನ್‌ನ ಸಿ.ಡಿ. ಮತ್ತು ಐಸ್ ಮಾಡಿದ ದಿನದ ಸಿ.ಡಿ. ಎರಡನ್ನೂ ಕೇಳಿ ಇಟ್ಟುಕೊಳ್ಳಿ, ಬರೀ ರಿಪೋರ್ಟ್ ಹಾಳೆ ಸಾಲದು. ಐಸ್ ಆದ ಮೇಲೆ ಗಡ್ಡೆಯ ಸುತ್ತ ಊತದ ಬಳೆ ಕಟ್ಟುತ್ತದೆ, ಪೆಟ್ ಸ್ಕ್ಯಾನ್‌ನಲ್ಲಿ ಅದು ತಿಂಗಳುಗಟ್ಟಲೆ ಕ್ಯಾನ್ಸರಿನ ಹಾಗೆಯೇ ಹೊಳೆಯಬಹುದು. ಹಳೇ ಚಿತ್ರ ಕೈಯಲ್ಲಿದ್ದರೆ ನಮ್ಮಂಥವರಿಗೆ ಗಡ್ಡೆ ಎಲ್ಲಿತ್ತು, ಐಸ್ ಎಲ್ಲಿಯವರೆಗೆ ತಲುಪಿತ್ತು, ಯಾವ ಅಂಚು ಬಾಕಿ ಉಳಿಯಿತು ಅಂತ ಗೊತ್ತಾಗುತ್ತದೆ. ಕಿರಣವನ್ನು ಎಲ್ಲಿ ಜಾಸ್ತಿ ಬಿಡಬೇಕು ಅಂತ ಗೆರೆ ಎಳೆಯುವುದು ಅದನ್ನು ನೋಡಿಕೊಂಡೇ.